ಡಿಎನ್‌ಎ ಮೈಕ್ರೋಅರೇಯಿಂದ ರೋಗ ಪತ್ತೆ ಹೇಗೆ?

ಮೈಕ್ರೋಅರೇ ಎಂದರೆ ಪುಟ್ಟ ಗಾಜಿನ ಚಿಪ್ ಮೇಲೆ ಸಾವಿರಾರು ಚುಕ್ಕೆಗಳು. ಒಂದೊಂದರಲ್ಲೂ ನಮಗೆ ಗೊತ್ತಿರುವ ಡಿಎನ್‌ಎಯ ಒಂದು ತುಣುಕು. ಡಿಎನ್‌ಎ ಎಳೆ ತನ್ನ ಜೋಡಿ ಎಳೆಗೇ ಅಂಟುತ್ತದೆ, ಅಲ್ವಾ? ಇಡೀ ತಂತ್ರ ನಿಂತಿರುವುದು ಇದರ ಮೇಲೆ.

ಕ್ಯಾನ್ಸರ್ ಸಂಶೋಧನೆಯನ್ನೇ ನೋಡಿ. ಗೆಡ್ಡೆಯ ಆರ್‌ಎನ್‌ಎಯಿಂದ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು) ಮಾಡಿದ ಪ್ರತಿಗಳಿಗೆ ಕೆಂಪು ಬಣ್ಣ, ಆರೋಗ್ಯವಾಗಿರುವ ಕೋಶದ ಪ್ರತಿಗಳಿಗೆ ಹಸಿರು ಬಣ್ಣ ಸೇರಿಸಿ, ಎರಡನ್ನೂ ಒಂದೇ ಚಿಪ್‌ಗೆ ಹಾಕುತ್ತಾರೆ. ಲೇಸರ್ ಹಾಯಿಸಿದಾಗ ಚುಕ್ಕೆ ಕೆಂಪಾಗಿ ಕಂಡರೆ ಆ ಜೀನ್ ಗೆಡ್ಡೆಯಲ್ಲಿ ಜಾಸ್ತಿ ಚುರುಕಾಗಿದೆ ಎಂದರ್ಥ. ಹಸಿರಾದರೆ ಕಡಿಮೆ, ಹಳದಿಯಾದರೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಹೀಗೆ ಹುಟ್ಟಿದ್ದೇ ಮಾಮಾಪ್ರಿಂಟ್ ಪರೀಕ್ಷೆ. ಆರಂಭದ ಹಂತದ ಸ್ತನ ಕ್ಯಾನ್ಸರ್‌ನಲ್ಲಿ 70 ಜೀನ್‌ಗಳನ್ನು ನೋಡಿ, ರೋಗ ಬೇರೆಡೆಗೆ ಹರಡುವ ಅಪಾಯವನ್ನು ಅಂದಾಜು ಮಾಡುತ್ತದೆ. ಕೆಲವರಿಗೆ ಕೀಮೋಥೆರಪಿಯ ಕಷ್ಟವೇ ತಪ್ಪುತ್ತದೆ. ನನ್ನ ಪ್ರಕಾರ ಈ ತಂತ್ರದ ದೊಡ್ಡ ಉಪಕಾರ ಇದು.

ಮಕ್ಕಳ ಬೆಳವಣಿಗೆ ಕುಂಠಿತವಾದಾಗ, ಆಟಿಸಂ ಇದ್ದಾಗಲೂ ಮೈಕ್ರೋಅರೇ ಬೇಕಾಗುತ್ತದೆ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಚಿಕ್ಕ ಕ್ರೋಮೋಸೋಮ್ ತುಣುಕು ಕಳೆದುಹೋಗಿದ್ದರೂ, ಎರಡೆರಡು ಸಲ ಬಂದಿದ್ದರೂ ಸಿಕ್ಕಿಬೀಳುತ್ತದೆ. ಆದರೆ ತುಣುಕುಗಳು ಸುಮ್ನೆ ಜಾಗ ಬದಲಿಸಿದ್ದರೆ ಗೊತ್ತಾಗುವುದಿಲ್ಲ. ಕೆಲವೊಮ್ಮೆ ಅರ್ಥ ಸ್ಪಷ್ಟವಿಲ್ಲದ ಬದಲಾವಣೆಯೂ ಸಿಗುತ್ತದೆ. ಆಗ ತಂದೆತಾಯಿಯ ರಕ್ತವನ್ನೂ ಪರೀಕ್ಷಿಸುತ್ತಾರೆ.