‘ದಿ ಅವೆಂಜರ್ಸ್’ ಬ್ರಿಟಿಷ್ ಸರಣಿಯಲ್ಲಿ ತೀರಾ ಸಪ್ಪೆ ಎಪಿಸೋಡ್ ಯಾವುದು? ಟಾರಾ ಕಿಂಗ್ ಸೀಸನ್ ನೋಡದೆ ಬಿಡಬಹುದಾ?

ಬಿಡಬೇಡಿ, ಆ ಸೀಸನ್ನೂ ನೋಡಿ. ಇಡೀ ಸರಣಿಯಲ್ಲಿ ತೀರಾ ಸಪ್ಪೆಯಾದ ಎಪಿಸೋಡ್ ಅದರಲ್ಲೇ ಇದೆ, ಅದು ನಿಜ. ಆದರೆ ಅದರ ತಪ್ಪನ್ನು ಟಾರಾ ಪಾತ್ರ ಮಾಡಿದ ಲಿಂಡಾ ಥಾರ್ಸನ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಹೆಸರು ನೋಡಿ ಮಾರ್ವೆಲ್ ಸಿನಿಮಾ ಅಂದುಕೊಂಡು ಬಂದವರಿಗೆ ಎರಡು ಮಾತು. ಇದು 1961ರ ಜನವರಿಯಲ್ಲಿ ಐಟಿವಿಯಲ್ಲಿ ಶುರುವಾಗಿ 1969ರವರೆಗೆ ಬಂದ ಗೂಢಚಾರ ಸರಣಿ. ಒಟ್ಟು 161 ಎಪಿಸೋಡ್. ಬೌಲರ್ ಟೋಪಿ, ಕೊಡೆಯ ಜಾನ್ ಸ್ಟೀಡ್ ಆಗಿ ಪ್ಯಾಟ್ರಿಕ್ ಮ್ಯಾಕ್ನೀ. ಅವನ ಜೊತೆಗಾರರು ಮಾತ್ರ ಬದಲಾಗುತ್ತಾ ಹೋದರು. ಮೊದಲು ಡಾಕ್ಟರ್ ಕೀಲ್, ಆಮೇಲೆ ಕ್ಯಾಥಿ ಗೇಲ್, ಎಮ್ಮಾ ಪೀಲ್, ಕೊನೆಗೆ ಟಾರಾ. ಎಮ್ಮಾ ಪೀಲ್ ಆಗಿದ್ದ ಡಯಾನಾ ರಿಗ್ ನಮ್ಮವರಿಗೆ ‘ಗೇಮ್ ಆಫ್ ಥ್ರೋನ್ಸ್’ನ ಒಲೆನಾ ಅಜ್ಜಿಯಾಗಿ ಗೊತ್ತು. ಅವರ ಬಾಲ್ಯ ಕಳೆದದ್ದು ಬಿಕಾನೇರ್‌ನಲ್ಲಿ. ಅವರ ತಂದೆ ಅಲ್ಲಿ ರೈಲ್ವೆ ಎಂಜಿನಿಯರ್ ಆಗಿದ್ದರು.

ಮೊದಲ ಸೀಸನ್ನನ್ನು ಈ ಚರ್ಚೆಗೆ ಎಳೆಯಲು ಆಗುವುದೇ ಇಲ್ಲ. 26 ಎಪಿಸೋಡ್‌ಗಳಲ್ಲಿ ಪೂರ್ತಿ ಉಳಿದಿರುವುದು ಮೂರು, ಜೊತೆಗೆ ಮೊಟ್ಟಮೊದಲ ಎಪಿಸೋಡಿನ ಒಂದು ತುಂಡು, ಅಷ್ಟೇ. ಎರಡನೇ ಸೀಸನ್ನಿನಲ್ಲಿ ಡಾಕ್ಟರ್ ಮಾರ್ಟಿನ್ ಕಿಂಗ್ ಅನ್ನುವ ಪಾತ್ರದ ಮೂರು ಎಪಿಸೋಡ್ ಇವೆ. ಡಾಕ್ಟರ್ ಕೀಲ್‌ಗಾಗಿ ಬರೆದು ಉಳಿದಿದ್ದ ಸ್ಕ್ರಿಪ್ಟ್‌ಗಳಿಗೆ ಬೇರೆ ನಟನನ್ನು ಹಾಕಿ ಮುಗಿಸಿದ್ದು ಅವು. ಮಂದವಾಗಿವೆ, ಆದರೆ ಅವುಗಳ ಮೇಲೆ ಯಾರಿಗೂ ಸಿಟ್ಟು ಬರುವುದಿಲ್ಲ.

ಎಮ್ಮಾ ಪೀಲ್ ಕಾಲದ ಬಗ್ಗೆ ಮಾತಾಡುವಾಗ ಮಾತ್ರ ಅಭಿಮಾನಿಗಳು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಲ್ಲೂ ಸೋತ ಎಪಿಸೋಡ್‌ಗಳಿವೆ. ‘ದಿ ಸೀ-ಥ್ರೂ ಮ್ಯಾನ್’ ತಗೊಳ್ಳಿ. ಕಣ್ಣಿಗೆ ಕಾಣದ ಮನುಷ್ಯ ಕಡತ ಕದಿಯುತ್ತಾನೆ ಅನ್ನುವಲ್ಲಿಂದ ಕಥೆ ಹೊರಡುತ್ತದೆ. ಇದರ ಹಿಂದೆ ಏನೋ ಕೈಚಳಕ ಇದೆ ಅಂತ ನೋಡುವವರಿಗೆ ಬೇಗ ಹೊಳೆದುಬಿಡುತ್ತದೆ. ಉಳಿದ ಹೊತ್ತೆಲ್ಲ ಸ್ಟೀಡ್ ಮತ್ತು ಎಮ್ಮಾ ಅದನ್ನು ಕಂಡುಹಿಡಿಯಲಿ ಅಂತ ಸುಮ್ನೆ ಕಾಯಬೇಕು. ಇಷ್ಟಾದರೂ ಡಯಾನಾ ರಿಗ್ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಇದಕ್ಕೆ ಮಾಫಿ ಸಿಗುತ್ತದೆ. ಬೇಡ ಅನ್ನುವುದಿಲ್ಲ. ಅದೇ ಉದಾರತೆ ಟಾರಾಳಿಗೂ ಸಿಗಲಿ ಅಂತಷ್ಟೇ ನನ್ನ ಆಸೆ.

ಇನ್ನು ‘ಎಪಿಕ್’. ಕಾಲ ಕಳೆದುಹೋದ ಒಬ್ಬ ಸಿನಿಮಾ ನಿರ್ದೇಶಕ ಎಮ್ಮಾಳನ್ನು ಹಿಡಿದುಕೊಂಡು ಹೋಗಿ ತನ್ನ ಸ್ಟುಡಿಯೋದಲ್ಲಿ ಅವಳ ಸಾವನ್ನೇ ಚಿತ್ರ ಮಾಡಲು ಹೊರಡುತ್ತಾನೆ. ಕೆಟ್ಟ ಎಪಿಸೋಡ್‌ಗಳ ಪಟ್ಟಿಯಲ್ಲಿ ಇದು ಆಗಾಗ ಕಾಣಿಸಿಕೊಳ್ಳುತ್ತದೆ. ನನಗೆ ಇದು ಇಷ್ಟ. ಅತಿಯಾಯಿತು, ನಿಜ. ಆದರೆ ಮಾಡಿದವರು ಮನಸ್ಸಿಟ್ಟು ಮಾಡಿದ್ದಾರೆ. ನನ್ನ ಅಳತೆ ಅದೇ. ಹುಚ್ಚು ಐಡಿಯಾ ಹಿಡಿದು ಎಡವಿದರೆ ಬೇಜಾರಿಲ್ಲ. ಮಾಡುವವರಿಗೇ ನಂಬಿಕೆ ಹೋದಾಗ ಎಪಿಸೋಡ್ ಸಾಯುತ್ತದೆ.

ಟಾರಾ ಸೀಸನ್ನಿನ ಶುರುವಿನಲ್ಲಿ ಆದದ್ದು ಇದೇ. ಸರಣಿ ಜಾಸ್ತಿ ಕಲ್ಪನೆಯ ಕಡೆ ವಾಲಿದೆ, ವಾಸ್ತವಕ್ಕೆ ಹತ್ತಿರ ತರಬೇಕು ಅಂತ ಮೇಲಿನವರಿಗೆ ಅನ್ನಿಸಿತು. ಎಮ್ಮಾ ಪೀಲ್ ಕಾಲದ ನಿರ್ಮಾಪಕರಾದ ಬ್ರಯನ್ ಕ್ಲೆಮೆನ್ಸ್ ಮತ್ತು ಆಲ್ಬರ್ಟ್ ಫೆನೆಲ್ ಅವರನ್ನು ಪಕ್ಕಕ್ಕಿಟ್ಟು, ಕ್ಯಾಥಿ ಗೇಲ್ ಕಾಲದ ನಿರ್ಮಾಪಕ ಜಾನ್ ಬ್ರೈಸ್ ಅವರನ್ನು ಕರೆತಂದರು. ಕೆನಡಾದ ಲಿಂಡಾ ಥಾರ್ಸನ್ ಆಯ್ಕೆಯಾದದ್ದು ಅವರ ಕೈಯಲ್ಲೇ. ಆಗ ಆಕೆಗೆ ಇಪ್ಪತ್ತೇ ವರ್ಷ. ಕೂದಲನ್ನು ಬ್ಲೀಚ್ ಮಾಡಿ ಹಾಳು ಮಾಡಿದ್ದರಿಂದ ಶುರುವಿನಲ್ಲೇ ವಿಗ್ ಹಾಕಿಕೊಳ್ಳಬೇಕಾಯಿತು. ಕೆಲವೇ ಎಪಿಸೋಡ್ ಆಗುವಷ್ಟರಲ್ಲಿ ಬ್ರೈಸ್ ಹೋದರು, ಕ್ಲೆಮೆನ್ಸ್ ಮತ್ತು ಫೆನೆಲ್ ವಾಪಸ್ ಬಂದರು. ಮೊದಲ ನಾಯಕಿ ಪಾತ್ರಕ್ಕೆ ಬಂದ ಹುಡುಗಿಗೆ ಕಾಲೂರಲು ನೆಲವೇ ಇರಲಿಲ್ಲ.

ಬ್ರೈಸ್ ಕಾಲದ್ದೇ ‘ಇನ್ವೇಷನ್ ಆಫ್ ದಿ ಅರ್ಥ್‌ಮೆನ್’. ಬೇರೆ ಗ್ರಹಗಳನ್ನು ಗೆಲ್ಲಲು ಹುಡುಗ ಹುಡುಗಿಯರಿಗೆ ಗುಟ್ಟಾಗಿ ತರಬೇತಿ ಕೊಡುವ ಅಕಾಡೆಮಿಯ ಕಥೆ. ದೊಡ್ಡ ಹಾವೂ ಬರುತ್ತದೆ. ವಾಸ್ತವಕ್ಕೆ ಹತ್ತಿರ ತರಲು ಬಂದವರು ಮಾಡಿದ್ದು ಇದನ್ನು! ತುಂಬಾ ಜನ ಇದನ್ನೇ ಎಲ್ಲಕ್ಕಿಂತ ಕೆಟ್ಟದ್ದು ಅನ್ನುತ್ತಾರೆ. ನನ್ನ ಪ್ರಕಾರ ಅಲ್ಲ, ಕೊನೇಪಕ್ಷ ಒಂದು ಕಥೆಯನ್ನಾದರೂ ನೇರವಾಗಿ ಹೇಳುತ್ತದೆ.

ನನ್ನ ಓಟು ‘ಹೋಮಿಸೈಡ್ ಆಂಡ್ ಓಲ್ಡ್ ಲೇಸ್’ಗೆ. ಬ್ರೈಸ್ ಕಾಲದಲ್ಲಿ ‘ದಿ ಗ್ರೇಟ್, ಗ್ರೇಟ್ ಬ್ರಿಟನ್ ಕ್ರೈಮ್’ ಅಂತ ಒಂದು ಎಪಿಸೋಡ್ ತಯಾರಾಗಿತ್ತು. ದೇಶದ ಕಲಾಸಂಪತ್ತನ್ನೆಲ್ಲ ಒಂದೇ ಏಟಿಗೆ ಕದಿಯುವ ಗ್ಯಾಂಗಿನ ಕಥೆ. ಹೊಸದಾಗಿ ವಾಪಸ್ ಬಂದವರಿಗೆ ಅದು ಹಿಡಿಸಲಿಲ್ಲ. ಹಾಗಂತ ಎಸೆಯಲೂ ಇಲ್ಲ. ಅದನ್ನು ಕತ್ತರಿಸಿ, ಸ್ಟೀಡ್‌ನ ಮೇಲಧಿಕಾರಿ ‘ಮದರ್’ ತನ್ನ ಇಬ್ಬರು ಮುದಿ ಅತ್ತೆಯರಿಗೆ ಹೇಳುವ ಕಥೆಯನ್ನಾಗಿ ಮಾಡಿದರು. ಅವರು ಮಧ್ಯೆ ಮಧ್ಯೆ ಬಾಯಿ ಹಾಕುತ್ತಾರೆ, ಕಥೆಯನ್ನು ಹಂಗಿಸುತ್ತಾರೆ. ಸಾಲದ್ದಕ್ಕೆ ಎಮ್ಮಾ ಪೀಲ್ ಕಾಲದ ಎಪಿಸೋಡ್‌ಗಳಿಂದ ತುಣುಕುಗಳನ್ನೂ ತಂದು ತುಂಬಿದ್ದಾರೆ. ನನಗೆ ನೋವಾಗುವುದು ಇಲ್ಲೇ. ಕ್ಯಾಮೆರಾ ಮುಂದೆ ನಟರು ಶ್ರದ್ಧೆಯಿಂದ ಮಾಡಿದ ಕೆಲಸವನ್ನು ಅದೇ ಎಪಿಸೋಡ್ ಆಡಿಕೊಳ್ಳುತ್ತದೆ. ಇದರಲ್ಲಿ ಥಾರ್ಸನ್ ತಪ್ಪು ಏನಿದೆ ಹೇಳಿ?

ಆಕೆ ಎಂಥ ನಟಿ ಅಂತ ನೋಡಬೇಕಾದರೆ ‘ನೂನ್ ಡೂಮ್ಸ್‌ಡೇ’ ಹಾಕಿ. ಸ್ಟೀಡ್ ಕಾಲು ಮುರಿದುಕೊಂಡು ಬಿದ್ದಿದ್ದಾನೆ, ಕೊಲೆಗಾರರು ಬರುತ್ತಿದ್ದಾರೆ, ಎದುರು ನಿಲ್ಲುವವಳು ಟಾರಾ ಒಬ್ಬಳೇ. ‘ಆಲ್ ಡನ್ ವಿತ್ ಮಿರರ್ಸ್’ನಲ್ಲಿ ಸ್ಟೀಡ್ ಮೇಲೇ ಅನುಮಾನ ಬಂದು ಅವನನ್ನು ಕೂಡಿಹಾಕಿರುತ್ತಾರೆ, ತನಿಖೆ ಪೂರ್ತಿ ಅವಳದ್ದೇ. ‘ಪಂಡೋರಾ’ದಲ್ಲಿ ಅವಳನ್ನು ಎತ್ತಿಕೊಂಡು ಹೋಗಿ, ನೀನು ಬೇರೆ ಹೆಣ್ಣು, ಇದು 1915 ಅಂತ ನಂಬಿಸಲು ನೋಡುತ್ತಾರೆ. ಆ ಗಲಿಬಿಲಿ ಆಕೆಯ ಮುಖದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ನೋಡುವವರಿಗೂ ಉಸಿರು ಕಟ್ಟುತ್ತದೆ. ಎಮ್ಮಾ ಸ್ಟೀಡ್‌ಗೆ ಸರಿಸಮ, ಟಾರಾ ಇನ್ನೂ ಕಲಿಯುತ್ತಿರುವವಳು. ಪಾತ್ರವೇ ಬೇರೆ ಅಲ್ವಾ? ಹೋಲಿಸುತ್ತಾ ಕೂತರೆ ಅವಳು ಬೆಳೆಯುವುದು ಕಣ್ಣಿಗೇ ಬೀಳುವುದಿಲ್ಲ.

ಸರಣಿ ನಿಂತದ್ದಕ್ಕೂ ಆಕೆಯನ್ನೇ ದೂರುವವರಿದ್ದಾರೆ. ಆದರೆ ಕಾರಣ ಬೇರೆಯೇ. ಅಮೆರಿಕದ ಎಬಿಸಿ ಚಾನೆಲ್ ಇದನ್ನು ಆಗಿನ ಭಾರೀ ಜನಪ್ರಿಯ ಶೋ ‘ಲಾಫ್-ಇನ್’ ಎದುರಿಗೆ ಹಾಕಿತ್ತು, ಅಲ್ಲಿಂದ ದುಡ್ಡು ನಿಂತ ಮೇಲೆ ಸರಣಿಯೂ ನಿಂತಿತು. ಫ್ರಾನ್ಸಿನಲ್ಲಿ ಮಾತ್ರ ಜನ ಟಾರಾಳನ್ನು ತುಂಬಾ ಹಚ್ಚಿಕೊಂಡಿದ್ದರು. ಮ್ಯಾಕ್ನೀ ಮತ್ತು ಥಾರ್ಸನ್ ಅಲ್ಲಿಗಾಗಿ ಮಾಡಿದ ಒಂದು ಶಾಂಪೇನ್ ಜಾಹೀರಾತೇ ಮುಂದೆ 1976ರಲ್ಲಿ ‘ದಿ ನ್ಯೂ ಅವೆಂಜರ್ಸ್’ ಹುಟ್ಟಲು ದಾರಿಯಾಯಿತು.

ಹಾಗಾಗಿ ಮೇಲೆ ಹೇಳಿದ ಮೂರು ಎಪಿಸೋಡ್‌ಗಳಿಂದ ಶುರು ಮಾಡಿ, ‘ಅರ್ಥ್‌ಮೆನ್’ ಆಮೇಲೆ ನೋಡಿದರಾಯಿತು. ‘ಹೋಮಿಸೈಡ್’ ನೋಡಲೇಬೇಕು ಅಂತಿದ್ದರೆ, ಅದಕ್ಕೂ ಮೊದಲು ಕ್ಯಾಥಿ ಗೇಲ್ ಕಾಲದ ‘ಇಂಟರ್‌ಕ್ರೈಮ್’ ನೋಡಿ. ಎರಡರಲ್ಲೂ ಅದೇ ಗ್ಯಾಂಗು. ಬರೆದವರೂ ಅವರೇ, ಮಾಲ್ಕಮ್ ಹಲ್ಕ್ ಮತ್ತು ಟೆರೆನ್ಸ್ ಡಿಕ್ಸ್.