ಕಾಲು ಹಿಡಿದು ನಿಂತವಳು: ಸರ್ಜರಿ ಪೋಸ್ಟಿಂಗ್‌ನ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಉತ್ತರ ಕರ್ನಾಟಕದ ವೈದ್ಯಕೀಯ ಕಾಲೇಜೊಂದರಲ್ಲಿ ಎಂಬಿಬಿಎಸ್ ಅಂತಿಮ ಹಂತದಲ್ಲಿದ್ದ ವಿದ್ಯಾರ್ಥಿನಿ ನನ್ನ ಬಳಿ ಬಂದಾಗ, ಸರ್ಜರಿ ವಿಭಾಗದಲ್ಲಿ ತರಬೇತಿಯ ಸರದಿ (ಪೋಸ್ಟಿಂಗ್) ಇದ್ದರೂ ಒಂಬತ್ತು ದಿನಗಳಿಂದ ವಾರ್ಡಿನ ಕಡೆಗೆ ಸುಳಿದಿರಲಿಲ್ಲ. ಪ್ರಾಯೋಗಿಕ ತರಗತಿಗಳಲ್ಲಿ ಶೇ. 80ರಷ್ಟು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂಬ ಭಯ ಆಕೆಯನ್ನು ನನ್ನಲ್ಲಿಗೆ ತಂದಿತ್ತು. ‘ನನಗೆ ಡಾಕ್ಟರ್ ಆಗುವ ಯೋಗ್ಯತೆ ಇಲ್ಲ ಮೇಡಂ’ ಎಂದೇ ಮಾತು ಆರಂಭಿಸಿದಳು.

ಆಕೆ ವಾರ್ಡಿಗೆ ಹೋಗುವುದನ್ನು ಬಿಟ್ಟದ್ದು ಒಂದು ಶಸ್ತ್ರಚಿಕಿತ್ಸೆಯ ಬಳಿಕ: ಮಧುಮೇಹದಿಂದ ಪಾದ ಕೊಳೆತಿದ್ದ ರೈತರೊಬ್ಬರ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯುವ ಶಸ್ತ್ರಚಿಕಿತ್ಸೆ ಅದು. ಬೆಳಿಗ್ಗೆ ಆರಕ್ಕೇ ಕೇಸ್ ಬರೆದುಕೊಂಡು, ರೌಂಡ್ಸ್ ಮುಗಿಸಿ, ತಿಂಡಿ ತಿನ್ನದೆ ಸ್ಕ್ರಬ್ ಆಗಿದ್ದ (ಕೈ ತೊಳೆದು, ಗೌನು-ಗ್ಲೌಸು ತೊಟ್ಟು ನಿಂತಿದ್ದ) ಆಕೆಗೆ ಆ ಕಾಲನ್ನು ಎತ್ತಿ ಹಿಡಿಯುವ ಕೆಲಸ ಬಂದಿತ್ತು. ಮೂಳೆಯನ್ನು ಗರಗಸದಿಂದ ಕೊಯ್ದು, ಹಿಂಬದಿಯ ಸ್ನಾಯುಗಳನ್ನು ಬಿಡಿಸಿದೊಡನೆ, ಕಾಲಿನ ಅಷ್ಟೂ ಭಾರ ಒಮ್ಮೆಲೇ ಕೈಗೆ ಬಂತು. ಅದನ್ನು ಸಿಸ್ಟರ್ ಕೈಗೆ ದಾಟಿಸಿದ್ದಷ್ಟೇ ಆಕೆಗೆ ನೆನಪು. ಎಚ್ಚರವಾದಾಗ ಕೇಳಿಸಿದ್ದು ಹಿರಿಯ ಸರ್ಜನ್ನರ ಮಾತು: ‘ಇಂಥವರಿಗೆಲ್ಲ ಸೀಟು ಹೇಗೆ ಸಿಗುತ್ತದೋ!’

ನಾನು ಇದನ್ನು ರಕ್ತ ಕಂಡು ಮೂರ್ಛೆ ಹೋಗುವ ಪ್ರಕರಣವೆಂದೇ ತಿಳಿದೆ. ಅಂಥ ಮೂರ್ಛೆಯಲ್ಲಿ ಹೃದಯಬಡಿತ ನಿಧಾನವಾಗಿ, ರಕ್ತನಾಳಗಳು ಸಡಿಲಗೊಂಡು, ರಕ್ತದೊತ್ತಡ ಕುಸಿಯುತ್ತದೆ. ಖಾಲಿ ಹೊಟ್ಟೆ, ಸೆಕೆ, ಅಲುಗಾಡದೆ ನಿಲ್ಲುವುದು ಅದನ್ನು ಹೆಚ್ಚಿಸುತ್ತವೆ. ಬೇರೆ ಭಯಗಳಿಗೆ ಹೇಳಿಕೊಡುವಂತೆ ಮೈ ಸಡಿಲಬಿಡುವುದು ಇಲ್ಲಿ ತಕ್ಕ ಉಪಾಯವಲ್ಲ. ಆದ್ದರಿಂದ ತೋಳು, ಹೊಟ್ಟೆ, ತೊಡೆಗಳ ಸ್ನಾಯುಗಳನ್ನು ಮುಖ ಬೆಚ್ಚಗಾಗುವವರೆಗೆ, ಅಂದರೆ ಸುಮಾರು 10ರಿಂದ 15 ಸೆಕೆಂಡು, ಬಿಗಿಹಿಡಿದು, ಅರ್ಧ ನಿಮಿಷ ಬಿಟ್ಟು, ಐದು ಬಾರಿ ಹಾಗೆ ಮಾಡಲು ಕಲಿಸಿದೆ. ಕಣ್ಣು ಮಂಜಾದರೆ ‘ಸರ್, ತಲೆಸುತ್ತುತ್ತಿದೆ’ ಎಂದು ಹೇಳಿ, ಟೇಬಲ್ಲಿನಿಂದ ಹಿಂದೆ ಸರಿದು ನೆಲದ ಮೇಲೆ ಕೂತುಬಿಡಬೇಕೆಂದೂ ತಿಳಿಸಿದೆ. ಇದೆಲ್ಲ ಸರಿಯಾದ ಸಲಹೆಯೇ, ಆದರೆ ಆಕೆ ವಾರ್ಡಿಗೆ ಹೋಗಲಿಲ್ಲ.

ಎರಡನೆಯ ಭೇಟಿಯಲ್ಲಿ, ಅದಕ್ಕೂ ಮೊದಲು ಎರಡು ಹರ್ನಿಯಾ ಶಸ್ತ್ರಚಿಕಿತ್ಸೆಗಳನ್ನು ತೊಂದರೆಯಿಲ್ಲದೆ ನೋಡಿದ್ದಳೆಂದು ತಿಳಿಯಿತು. ಇದನ್ನು ನಾನು ಮೊದಲೇ ಕೇಳಬೇಕಿತ್ತು. ಹಾಗಾದರೆ ಆ ದಿನ ಬೇರೇನಾಗಿತ್ತೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು. ಹಿಂದಿನ ಸಂಜೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಮೇಲೆ ಆ ರೈತರು, ‘ಬೆರಳಷ್ಟ ತೆಗಿತಾರ ಹೌದಲ್ಲವ್ವಾ?’ ಎಂದು ಕೇಳಿದ್ದರು. ಪಿಜಿ (ಸ್ನಾತಕೋತ್ತರ ತರಬೇತಿಯಲ್ಲಿದ್ದ ವೈದ್ಯರು) ಅವಸರದಲ್ಲಿ ವಿವರಿಸಿ ಹೋಗಿದ್ದರು. ಏನು ಹೇಳಬೇಕೆಂದು ತೋಚದೆ ಈಕೆ ಹೌದೆಂಬಂತೆ ತಲೆಯಾಡಿಸಿದ್ದಳು.

ಒಪ್ಪಿಗೆ ಪಡೆಯುವ ಹೊಣೆ ಚಿಕಿತ್ಸೆ ನೀಡುವ ವೈದ್ಯರದು, ವಿದ್ಯಾರ್ಥಿಯದಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ತಲೆಯಾಡಿಸಿದ್ದು ತಪ್ಪಲ್ಲವೆಂದು ಮಾತ್ರ ಹೇಳಲಿಲ್ಲ, ಏಕೆಂದರೆ ಆ ಸಮಾಧಾನವನ್ನು ಆಕೆ ನಂಬುತ್ತಿರಲಿಲ್ಲ. ‘ನನಗೆ ಗೊತ್ತಿಲ್ಲ, ಕೇಳಿ ಬಂದು ಹೇಳುತ್ತೇನೆ’ ಎಂಬ ವಾಕ್ಯವನ್ನು ಇಬ್ಬರೂ ಕೂತು ಅಭ್ಯಾಸ ಮಾಡಿದೆವು. ಹಾಸ್ಟೆಲಿನಲ್ಲಿ ನಿದ್ದೆ ಬಾರದ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟೆ. ಆಕೆಯ ಅನುಮತಿ ಪಡೆದು ವಿಭಾಗದ ಮುಖ್ಯಸ್ಥರೊಡನೆ ಮಾತನಾಡಿ, ಓಟಿಯಲ್ಲಿ (ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ) ಹೀಯಾಳಿಸುವುದನ್ನು ‘ಗಟ್ಟಿಮಾಡುವುದು’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲವೆಂದೂ ತಿಳಿಸಿದೆ. ಹಾಜರಾತಿ ಸರಿದೂಗಿಸಲು ಅವರು ಸಂಜೆಯ ಪೋಸ್ಟಿಂಗ್ ಕೊಟ್ಟರು. ಸರ್ಜನ್ನರು ಇದುವರೆಗೆ ಏನೂ ಹೇಳಿಲ್ಲ.

ಆ ರೋಗಿಯನ್ನು ಕಾಣುವ ನಿರ್ಧಾರವನ್ನು ಆಕೆಗೇ ಬಿಟ್ಟಿದ್ದೆ. ಅದಾದ ನಾಲ್ಕನೆಯ ದಿನ ಹೋದಳು. ತಾನು ತಿಳಿಯದೆ ತಲೆಯಾಡಿಸಿದ್ದನ್ನು ಹೇಳಿದಾಗ ಅವರು ಉತ್ತರಿಸಲಿಲ್ಲ, ಹೊದಿಕೆಯನ್ನು ಸರಿಪಡಿಸುತ್ತ ಕೂತಿದ್ದರಂತೆ. ಆಕೆ ಏಳಹೊರಟಾಗ ಕರೆದು, ‘ಇಲ್ಲದ ಹೆಬ್ಬೆರಳು ಉರೀತೈತವ್ವಾ, ಯಾರಿಗೆ ಹೇಳಿದ್ರ ನಗ್ತಾರ’ ಎಂದರು. ಕತ್ತರಿಸಿದ ಅಂಗದಲ್ಲಿ ಹಾಗೆ ನೋವು ಉಳಿಯುವುದುಂಟೆಂದು ಆಕೆ ಓದಿದ್ದಳು. ‘ಕೇಳಿ ಬಂದು ಹೇಳುತ್ತೇನೆ’ ಎಂದು ಹೋಗಿ ಪಿಜಿಗೆ ತಿಳಿಸಿದಳು. ಅಂದೇ ಸಂಜೆ ಅದು ಕೇಸ್ ಶೀಟಿಗೆ ಸೇರಿ, ಔಷಧ ಆರಂಭವಾಯಿತು.