ನೆರವಿನ ದುಡ್ಡು ಎಲ್ಲಿ ಸೋರುತ್ತದೆ? ನಮ್ಮ ವಾರ್ಡಿನ ರಸ್ತೆ ನೋಡಿ ಹೇಳುತ್ತೇನೆ

"ಬಡ ದೇಶಗಳಿಗೆ ಇಷ್ಟು ವರ್ಷದಿಂದ ನೆರವು ಹೋಗುತ್ತಿದೆ, ಎಲ್ಲಾ ದೊಡ್ಡವರ ಜೇಬಿಗೇ ಸೇರುತ್ತದೆ, ನಿಲ್ಲಿಸಿಬಿಡುವುದೇ ಒಳ್ಳೇದಲ್ವಾ?" ಅಂತ ಕೇಳಿದ್ದೀರಿ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಕಾಸರಗೋಡಿನ ಗಡಿ ಕಡೆಯ ಒಂದು ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಮಲಯಾಳ ಓದಲು ಬಾರದ ಕನ್ನಡದವರಿಗೆ, ತುಳುವಿನವರಿಗೆ ಅರ್ಜಿ ಬರೆದುಕೊಡುತ್ತೇನೆ. ಸರ್ಕಾರದ ದುಡ್ಡು ಮನೆ ಬಾಗಿಲಿಗೆ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು.

ಮೊದಲು ಉಗಾಂಡದ ಕಥೆ. 1991ರಿಂದ 95ರವರೆಗೆ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳಿಗೆ ಮಕ್ಕಳ ಲೆಕ್ಕದಲ್ಲಿ ಕೊಡುತ್ತಿದ್ದ ಅನುದಾನ ಎಲ್ಲಿಗೆ ಹೋಯಿತು ಅಂತ ಸುಮಾರು 250 ಶಾಲೆಗಳಿಗೆ ಹೋಗಿ ವಿಚಾರಿಸಿದರು. ಸರಾಸರಿ 100ರಲ್ಲಿ 13 ಮಾತ್ರ ಶಾಲೆಗೆ ಮುಟ್ಟಿತ್ತು. ಉಳಿದದ್ದು ಜಿಲ್ಲಾ ಮಟ್ಟದಲ್ಲೇ ಕರಗಿತ್ತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಕಳಿಸಿದ್ದೇವೆ ಅಂತ ಪತ್ರಿಕೆಗಳಲ್ಲಿ ಹಾಕಿಸಿದರು, ಅಲ್ಲಿನ ಭಾಷೆಗಳ ಪತ್ರಿಕೆಗಳಲ್ಲೂ. ಬಂದ ದುಡ್ಡಿನ ಲೆಕ್ಕವನ್ನು ಶಾಲೆಯ ಗೋಡೆಗೆ ಅಂಟಿಸಬೇಕು ಅಂತಲೂ ಆಯಿತು. 2001ರ ಹೊತ್ತಿಗೆ 100ರಲ್ಲಿ 80ಕ್ಕಿಂತ ಜಾಸ್ತಿ ಶಾಲೆ ಸೇರುತ್ತಿತ್ತು. ಪತ್ರಿಕೆಯೊಂದರಿಂದಲೇ ಇಷ್ಟಾಯಿತು ಅಂತ ಎಲ್ಲರೂ ಒಪ್ಪುವುದಿಲ್ಲ, ಅದೇ ಹೊತ್ತಿಗೆ ಬೇರೆ ಸುಧಾರಣೆಗಳೂ ನಡೆದಿದ್ದವು. ಆದರೂ ನನಗೆ ಹಿಡಿಸಿದ್ದು ಇಷ್ಟು: ಹೆಡ್ ಮಾಸ್ತರಿಗೆ ತನಗೆ ಎಷ್ಟು ಬರಬೇಕು ಅನ್ನುವುದೇ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಏನಂತ ಕೇಳುತ್ತಾನೆ?

ಈಗ ನಮ್ಮ ರಸ್ತೆಗೆ ಬರುತ್ತೇನೆ.

ಕೆಲವು ವರ್ಷದ ಹಿಂದೆ ನಮ್ಮ ವಾರ್ಡಿನಲ್ಲಿ ತೋಡಿನಿಂದ ಗುಡ್ಡೆ ಕಡೆಗೆ ಹೋಗುವ ದಾರಿಗೆ ಕಾಂಕ್ರೀಟ್ ಹಾಕಿದರು. ಕೇರಳದಲ್ಲಿ 1996ರ ಜನಕೀಯ ಯೋಜನೆ, ಅಂದರೆ ಊರಿನ ಯೋಜನೆಯನ್ನು ಊರವರೇ ಹಾಕುವ ಪದ್ಧತಿ, ಬಂದಾಗಿನಿಂದ ಪಂಚಾಯತಿಗಳ ಕೈಗೆ ಒಳ್ಳೆಯ ದುಡ್ಡು ಬರುತ್ತದೆ, ರಾಜ್ಯದ ಯೋಜನಾ ಹಣದ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸ್ಥಳೀಯ ಸಂಸ್ಥೆಗಳಿಗೆ ಅಂತ ಆಗಲೇ ತೀರ್ಮಾನವಾಗಿತ್ತು. ಗುತ್ತಿಗೆದಾರ ಬೇಡ, ಫಲಾನುಭವಿ ಸಮಿತಿಯೇ ಕೆಲಸ ಮಾಡಿಸಲಿ ಅನ್ನುವ ಏರ್ಪಾಡೂ ಅದರಲ್ಲೇ ಬಂದದ್ದು. ಕೇಳಲು ಚೆಂದ. ನಮ್ಮಲ್ಲಿ ಸಮಿತಿಯ ಕನ್ವೀನರ್ ಹೆಸರಿಗೆ ಒಬ್ಬ, ಜಲ್ಲಿ ಇಳಿಸಿದ್ದು ಇನ್ನೊಬ್ಬ. ಎಲ್ಲರಿಗೂ ಗೊತ್ತಿತ್ತು. ಮೊದಲ ಮಳೆಗಾಲ ಮುಗಿಯುವಾಗ ಮೋರಿಯ ಹತ್ತಿರ ಅಂಚು ಒಡೆದು ಒಂದು ತುಂಡು ತೋಡಿಗೆ ಬಿತ್ತು. ನಮ್ಮ ದೊಡ್ಡಪ್ಪ ಮೊಮ್ಮಗಳ ಸ್ಕೇಲ್ ತಂದು ಒಡೆದ ಕಡೆ ಹಿಡಿದರು. 9 ಸೆಂಟಿಮೀಟರ್. ಅದರೊಳಗೆ ಒಂದು ಅಡಿಕೆ ಸಿಪ್ಪೆ ಬೇರೆ.

ಕೆಲಸದ ಬೋರ್ಡ್ ಇತ್ತು, ಇಲ್ಲ ಅಂತಲ್ಲ. ಮಲಯಾಳದಲ್ಲಿತ್ತು. ಅದರ ಕೆಳಗೇ ಕೂತು ಬಸ್ಸಿಗೆ ಕಾಯುವ ಬೀಡಿ ಕಟ್ಟುವ ಅಕ್ಕನಿಗೆ ಅದು ನೆರಳು ಕೊಟ್ಟಿತೇ ಹೊರತು ಲೆಕ್ಕ ಕೊಡಲಿಲ್ಲ.

ಗ್ರಾಮಸಭೆಯಲ್ಲಿ ಕೇಳಬಹುದಿತ್ತಲ್ಲಾ ಅಂತ ನೀವು ಅನ್ನಬಹುದು. ನಾನೂ ಹೋಗಿದ್ದೆ. ಬಾಯಿ ಬಿಡಲಿಲ್ಲ. ಕನ್ವೀನರ್ ನಮಗೆ ದೂರದ ನೆಂಟ, ಅವನ ತಂಗಿಯ ಮದುವೆ ಮುಂದಿನ ತಿಂಗಳಿತ್ತು, ಅಲ್ಲಿ ಹೋಗಿ ಊಟಕ್ಕೆ ಕೂರಬೇಕಲ್ಲ. ಇದು ನನ್ನೊಬ್ಬನ ಪುಕ್ಕಲುತನ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಆಮೇಲೆ ಇಂಡೋನೇಷ್ಯಾದ ಜಾವಾದಲ್ಲಿ ನಡೆದದ್ದನ್ನು ಓದಿದೆ. ವಿಶ್ವಬ್ಯಾಂಕ್ ಸಾಲದಿಂದ ಕಟ್ಟುತ್ತಿದ್ದ ಹಳ್ಳಿ ರಸ್ತೆಗಳು, 600ಕ್ಕೂ ಜಾಸ್ತಿ ಹಳ್ಳಿ, 2003-04ರಲ್ಲಿ. ಕೆಲವು ಹಳ್ಳಿಯಲ್ಲಿ ಜನರನ್ನು ಸಭೆಗೆ ಹೆಚ್ಚೆಚ್ಚು ಕರೆದರು. ಕೆಲವು ಕಡೆ ಸರ್ಕಾರದ ಆಡಿಟ್ ಖಂಡಿತ ಬರುತ್ತದೆ ಅಂತ ಮೊದಲೇ ಹೇಳಿದರು, ಅಲ್ಲಿಯವರೆಗೆ ಅದು ಬರುತ್ತಿದ್ದದ್ದು 100ರಲ್ಲಿ 4 ಕಡೆಗೆ ಮಾತ್ರ. ಕೊನೆಗೆ ಎಂಜಿನಿಯರುಗಳು ರಸ್ತೆ ಅಗೆದು ಎಷ್ಟು ಮರಳು, ಎಷ್ಟು ಕಲ್ಲು ಅಂತ ಅಳೆದು ಬಿಲ್ಲಿಗೆ ಹೋಲಿಸಿದರು, ದೊಡ್ಡಪ್ಪನ ಸ್ಕೇಲಿನ ಕೆಲಸವೇ. ಆಡಿಟ್ ಅಂತ ಹೇಳಿದ ಕಡೆ ಲೆಕ್ಕಕ್ಕೆ ಸಿಗದ ಖರ್ಚು ಶೇಕಡಾ 8 ಅಂಶದಷ್ಟು ಇಳಿಯಿತು. ಸಭೆಗೆ ಕರೆದದ್ದರಿಂದ ಸರಾಸರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ತಮಾಷೆ ಅಂದರೆ ಆಡಿಟ್ ಇದ್ದ ಕಡೆ ಕೆಲಸ ಮಾಡಿಸುವವರ ನೆಂಟರಿಗೆ ಕೂಲಿ ಸಿಗುವುದು ಜಾಸ್ತಿಯಾಯಿತು!

ಹಾಗಾಗಿ "ಜನ ಎಚ್ಚೆತ್ತರೆ ಸಾಕು" ಅನ್ನುವವರನ್ನು ನಾನು ನಂಬುವುದಿಲ್ಲ. ಗೊತ್ತಾಗಬೇಕು, ಜೊತೆಗೆ ಊರಿನ ಹಂಗಿಲ್ಲದವನೊಬ್ಬ ಬಂದು ಅಳೆಯಬೇಕು.

ನೆರವು ನಿಲ್ಲಿಸಬೇಕೇ ಅಂದರೆ, ಬೇಡ. 1980ರಲ್ಲಿ ಸಿಡುಬು ಪೂರ್ತಿ ಹೋಯಿತು ಅಂತ ಘೋಷಿಸಿದರಲ್ಲ, ಅದರಲ್ಲೂ ಹೊರಗಿನ ದುಡ್ಡಿತ್ತು. ಲಸಿಕೆ ತೋಳಿಗೆ ಬಿತ್ತೋ ಇಲ್ವೋ ಅನ್ನುವುದು ಹಾಕಿಸಿಕೊಂಡವನಿಗೇ ಗೊತ್ತಿರುತ್ತದೆ. "ಆಡಳಿತ ಸುಧಾರಣೆ", "ಸಾಮರ್ಥ್ಯ ವೃದ್ಧಿ" ಅಂತ ಬರುವ ದುಡ್ಡು ಹಾಗಲ್ಲ. ಅದರ ವರದಿ ದುಡ್ಡು ಕೊಟ್ಟವನಿಗೆ ಇಂಗ್ಲಿಷಿನಲ್ಲಿ ಹೋಗುತ್ತದೆ. ಯಾರ ಹೆಸರಲ್ಲಿ ಬಂತೋ ಅವರಿಗೆ ಒಂದು ಹಾಳೆಯೂ ಇಲ್ಲ.

ವಿದೇಶದ ದುಡ್ಡೇ ಆಗಬೇಕಂತಿಲ್ಲ. ನಮ್ಮದೇ ಜಿಲ್ಲೆಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತ್ತು. 2022ರ ಮೇನಲ್ಲಿ ಅದೇ ಕೋರ್ಟ್ ನೋಡಿದಾಗ 3,704 ಜನರಲ್ಲಿ ಸಿಕ್ಕಿದ್ದು 8 ಮಂದಿಗೆ, ಅದೂ ನ್ಯಾಯಾಂಗ ನಿಂದನೆ ಅಂತ ಕೋರ್ಟಿಗೆ ಹೋದವರಿಗೆ. ಅಲ್ಲಿ ತೀರ್ಪಿತ್ತು, ಮೊತ್ತವೂ ಎಲ್ಲರಿಗೂ ಗೊತ್ತಿತ್ತು. ಹೋಗಿ ಬಾಗಿಲು ಬಡಿಯಲು ಹಾಸಿಗೆ ಹಿಡಿದವರಿಗೆ ಆಗಲಿಲ್ಲ ಅಷ್ಟೇ.

ನಮ್ಮ ರಸ್ತೆಗೆ ಕೊನೆಗೆ ನಾನು 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ, ಮದುವೆ ಮುಗಿದ ಮೇಲೆ. ಅಳತೆ ಪುಸ್ತಕದ ನಕಲು ಬಂತು. ದಪ್ಪ 15 ಸೆಂಟಿಮೀಟರ್ ಅಂತ ಬರೆದು ಸಹಿ ಹಾಕಿದ್ದರು. ಅದನ್ನು ಕನ್ನಡಕ್ಕೆ ಮಾಡಿ ನಮ್ಮ ಅಂಗಡಿಯ ಬಾಗಿಲಿಗೆ ಅಂಟಿಸಿದೆ, ಪಕ್ಕದಲ್ಲಿ ಸ್ಕೇಲ್ ಹಿಡಿದ ಫೋಟೋ. ಮೂರನೇ ವಾರ ಒಂದು ಲೋಡ್ ಜಲ್ಲಿ ಬಂತು. ಮೋರಿಯ ಹತ್ತಿರ ಎಂಟು ಮೀಟರ್ ಮತ್ತೆ ಹಾಕಿಸಿದರು. ಉಳಿದದ್ದು ಒಡೆದಿರಲಿಲ್ಲವಲ್ಲ, ಹಾಗಾಗಿ ಅದನ್ನು ಯಾರೂ ಮುಟ್ಟಲಿಲ್ಲ.